ಬೇಡವೆಂದರೂ ಕಟ್ಟಿದ ತೆರಿಗೆ

ನನ್ನ ನಾದಿನಿಗೆ ಓಣಿಯವರು ಇಟ್ಟ ಹೆಸರು ರಸೀದಿಯಮ್ಮ. ಹೊಲಿಗೆ ಕೆಲಸದವಳು. ಒಂದು ರೀಲು ದಾರ ತಂದರೂ ರಸೀದಿ ಕೇಳುವಳು, ಒಂದು ಗುಂಡಿ ಹಚ್ಚಿಕೊಟ್ಟರೂ ರಸೀದಿ ಬರೆಯುವಳು. “ಲೆಕ್ಕ ನೆಟ್ಟಗಿದ್ರೆ ತಲೆ ನೆಟ್ಟಗಿರುತ್ತೆ ಅತ್ತಿಗೆ” ಎನ್ನುತ್ತಿದ್ದಳು.

ಅವಳ ಗಂಡನಿಗೆ ಕಾಲುಗಳ ಸ್ವಾಧೀನ ತಪ್ಪಿತು. ಅವರದು ಮಹಡಿಯ ಮೇಲಿನ ಬಾಡಿಗೆ ಮನೆ, ಬಚ್ಚಲು ಕೆಳಗೆ. ಸ್ನಾನಕ್ಕೆ ಅವನನ್ನು ಹೊತ್ತೇ ಇಳಿಸಬೇಕು. ಆಳೆತ್ತರದ ಗಂಡಸು ಮಗುವಿನ ಹಾಗೆ ಹೆಂಡತಿಯ ಕುತ್ತಿಗೆ ಹಿಡಿದುಕೊಳ್ಳುತ್ತಿದ್ದ. ಅದನ್ನು ನೋಡಲಾರದೆ ಅವಳು ಮನೆ ಕಟ್ಟಿಸಲು ಹೊರಟಳು. ಮೆಟ್ಟಿಲಿಲ್ಲದ ಮನೆ, ಗಾಲಿಕುರ್ಚಿ ತಿರುಗುವಷ್ಟು ಅಗಲದ ಬಚ್ಚಲು.

ಮೇಸ್ತ್ರಿ ಮೊದಲೇ ಹೇಳಿದ್ದ. “ಅಕ್ಕಾ, ಸ್ವಂತ ವಾಸಕ್ಕೆ ಮನೆ ಕಟ್ಟಿಸಿದ್ರೆ ನಮ್ಮ ಕೂಲಿ ಬಿಲ್ಲಿಗೆ ತೆರಿಗೆ ಇಲ್ವಂತೆ.”

“ಅಂತೆ ಕಂತೆ ಬೇಡಪ್ಪ. ನಾಳೆ ತೆರಿಗೆ ಕಚೇರಿಯವರು ಬಂದು ಕುತ್ತಿಗೆ ಹಿಡಿದ್ರೆ? ಸೇರಿಸಿ ಬರಿ.”

“ಬೇಡ ಅಂದ್ರೂ ಕೊಡೋರನ್ನ ಇವತ್ತೇ ನೋಡಿದ್ದು!” ಅವನು ನಕ್ಕು ಸೇರಿಸಿದ. ವಸೂಲು ಮಾಡಿದ್ದನ್ನು ಕಚೇರಿಗೂ ಕಟ್ಟಿದ.

ಗೋಡೆಗಳು ಎದ್ದವು, ಸೂರು ಕೂತಿತು. ಬಚ್ಚಲಿನ ಹೊತ್ತಿಗೆ ಕೈ ಬರಿದಾಯಿತು. ಅಷ್ಟರಲ್ಲಿ ರವಿಕೆಗೆ ಅಳತೆ ಕೊಡಲು ಬಂದ ವಕೀಲರ ಹೆಂಡತಿ ಮೇಸ್ತ್ರಿಯ ರಸೀದಿ ನೋಡಿ, “ಈ ತೆರಿಗೆ ಸುಮ್ಮಸುಮ್ಮನೆ ಕೊಟ್ಟಿದ್ದು, ವಾಪಸು ಕೇಳಿ” ಅಂದರು. ನಾದಿನಿಗೆ ಹೋದ ಜೀವ ಬಂದ ಹಾಗಾಯಿತು. ಬಚ್ಚಲ ಗೋಡೆಯ ಹಿಡಿಕೆ ಎಷ್ಟು ಎತ್ತರಕ್ಕಿರಬೇಕೆಂದು ಅವತ್ತೇ ಗಂಡನ ಕೈಗೆ ಟೇಪು ಹಿಡಿದಳು.

ಕಚೇರಿಗೆ ನಾನೂ ಹೋಗಿದ್ದೆ. ಗುಮಾಸ್ತೆ ಒಳ್ಳೆಯವಳೇ, ಕುರ್ಚಿ ಕೊಟ್ಟಳು.

“ತಪ್ಪಾಗಿ ಹಾಕಿದ ತೆರಿಗೆ ನಿಮಗೆ ಕೊಡೋಕೆ ನಮಗೆ ಬರಲ್ಲಮ್ಮ. ಬಿಲ್ಲಿಗೆ ಹಾಕಿದ ಮೇಸ್ತ್ರಿಯನ್ನ ಕೇಳಿ.”

“ದುಡ್ಡು ಇರೋದು ನಿಮ್ಮ ಹತ್ರ ಅಲ್ವೇನಮ್ಮ?”

“ಹೌದು. ಅವರು ಮೊದಲು ನಿಮಗೆ ಕೊಡ್ಬೇಕು, ಆಮೇಲೆ ನಮ್ಮ ಹತ್ರ ತಗೋಬೇಕು.”

ಮೇಸ್ತ್ರಿಯನ್ನು ಹುಡುಕಿಕೊಂಡು ಹೋದೆವು. ಸಾಲಕ್ಕೆ ಸಿಕ್ಕಿ ಕಸುಬು ಬಿಟ್ಟು, ಗೋದಾಮೊಂದರ ಬಾಗಿಲು ಕಾಯುತ್ತಿದ್ದ. ನಮ್ಮನ್ನು ಕಂಡು ಎದ್ದು ನಿಂತ.

“ಮೊದಲು ಕೊಡೋಕೆ ನನ್ನ ಹತ್ರ ಏನಿದೆ ಅಕ್ಕಾ? ನಾನು ಅವತ್ತೇ ಬೇಡ ಅಂದಿದ್ದೆ...”

“ಅಂದಿದ್ದೆಪ್ಪ,” ಎಂದಳು ನಾದಿನಿ.

ದಾರಿಯುದ್ದಕ್ಕೂ ನಾನು ಏನೇನೋ ಸಮಾಧಾನ ಹೇಳಿದೆ. ಅವಳು ಒಂದೇ ಮಾತು ಕೇಳಿದಳು. “ಮನೇಲಿ ಅವರಿಗೆ ಹೇಗೆ ಹೇಳ್ಲಿ ಅತ್ತಿಗೆ?”

ಹೊಸ ಮನೆಯನ್ನು ಈಗ ಈರುಳ್ಳಿ ವ್ಯಾಪಾರಿಯೊಬ್ಬ ಮೂಟೆ ಇಡಲು ಬಾಡಿಗೆಗೆ ಹಿಡಿದಿದ್ದಾನೆ. ಈರುಳ್ಳಿಗೆ ಬಚ್ಚಲು ಬೇಕಿಲ್ಲ. ನಾದಿನಿಯ ಗಂಡ ಆ ಮನೆಯೊಳಗೆ ಒಂದು ಸಲವೂ ಹೋಗಿಲ್ಲ. ಈಚೆಗೆ ಅದರ ಸುದ್ದಿ ಎತ್ತುವುದನ್ನೂ ಬಿಟ್ಟಿದ್ದಾನೆ.