ವಾಸನೆ ಆಗೋದಿಲ್ಲ ಅಂದಿದ್ದರು

ಹೋದ ತಿಂಗಳು ನನ್ನ ಗೆಳೆಯ ಹಾಲೇಶ ನನ್ನನ್ನು ತನ್ನ ಕೋಣೆಯಿಂದ ಹೊರಗೆ ಹಾಕಿದ. ಬೈದು ಅಲ್ಲ. ವಾಂತಿ ಮಾಡಿಕೊಂಡು.

ನಾನೇನು ಕುಡಿದು ಹೋಗಿರಲಿಲ್ಲ. ಜಗಳ ತೆಗೆದಿರಲಿಲ್ಲ. ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸೆಂಟು ಹೊಡೆದುಕೊಂಡು ಹೋಗಿದ್ದೆ. ಎಡವಟ್ಟಾಗಿದ್ದೇ ಅಲ್ಲಿ.

ಮೊದಲು ಆ ಸೆಂಟಿನ ವಿಷಯ ಹೇಳಿಬಿಡುತ್ತೇನೆ. ನನ್ನ ಹೆಂಡತಿಯ ತಮ್ಮ ದಾವಣಗೆರೆಯಿಂದ ಬರುವಾಗ ತಂದುಕೊಟ್ಟದ್ದು. ನೀಲಿ ಬಾಟಲಿ. ಅದರ ಮೇಲೆ ‘ಸ್ಪೋರ್ಟ್’ ಅಂತ ಓರೆಯಾಗಿ ಬರೆದಿದ್ದರು, ಅಕ್ಷರಗಳೇ ಓಟಕ್ಕೆ ನಿಂತ ಹಾಗೆ. (ನನ್ನ ಸ್ಪೋರ್ಟ್ ಏನು ಅಂತ ನಿಮಗೆ ಗೊತ್ತೇ ಇದೆ. ಶಿಕಾರಿಪುರ ಬಸ್ ಸ್ಟ್ಯಾಂಡಿನಲ್ಲಿ ಹೊರಟ ಬಸ್ಸಿನ ಹಿಂದೆ ಓಡುವುದು.) ಭಾಮೈದ ಹೇಳಿದ: “ಇದು ಫ್ರೆಶ್ ಟೈಪ್ ಭಾವ. ಆ ಹಳೇ ಅತ್ತರಿನಂಗ ತಲೀಗೆ ಹೊಡಿಯಂಗಿಲ್ಲ. ಕಿವಿ ಹಿಂದ ಹೊಡ್ಕೊಳ್ರಿ, ದಿನಾ ಪೂರ್ತಿ ಇರ್ತೈತಿ.”

ಹೊಡೆದುಕೊಂಡೆ. ಮೊದಲು ತಣ್ಣಗೆ ಚುರುಕ್ ಅಂತು. ಆಮೇಲೆ ನಿಂಬೆಹಣ್ಣು ಹಿಂಡಿದ ಹಾಗೆ, ಪುದೀನ ಕಿವುಚಿದ ಹಾಗೆ. ಅದರ ಹಿಂದೆಯೇ ಅಂಜನಾಪುರದ ಡ್ಯಾಮಿನ ಮೇಲೆ ನಿಂತಾಗ ಮುಖಕ್ಕೆ ಬರುತ್ತದಲ್ಲ, ಅಂಥದೊಂದು ನೀರಿನ ಗಾಳಿ. ಖುಷಿಯಾಯಿತು. ಯಾಕೆ ಸುಳ್ಳು ಹೇಳಲಿ? ಬೆನ್ನು ತಾನಾಗಿ ನೆಟ್ಟಗಾಯಿತು. ಕನ್ನಡಿ ಮುಂದೆ ಹೊಟ್ಟೆ ಒಳಗೆ ಎಳೆದುಕೊಂಡೆ. ಅರವತ್ತು ದಾಟಿದ ಮನುಷ್ಯನಿಗೆ ಒಂದು ಬಾಟಲಿ ಇಷ್ಟೆಲ್ಲ ಮಾಡಬಹುದು ಅಂತ ನನಗೆ ಗೊತ್ತಿರಲಿಲ್ಲ.

ಇನ್ನು ಹಾಲೇಶ. ಅವನು ನಿಜವಾದ ಸ್ಪೋರ್ಟ್ಸ್ ಮನುಷ್ಯ. ಸೊರಬದಲ್ಲಿ ಪಿ.ಟಿ. ಮೇಷ್ಟ್ರಾಗಿದ್ದು ರಿಟೈರ್ ಆದವನು. ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ರೂಮು. ಅವನು ಕಬಡ್ಡಿ ಆಡಿಬಂದರೆ ರೂಮಿನ ತುಂಬ ಬೆವರು, ಮಣ್ಣು ಮತ್ತು ನೋವಿನ ಮುಲಾಮು. ನಾನು ಪತ್ರಿಕೆಯಲ್ಲಿ ಈ ಅಂಕಣ ಶುರು ಮಾಡಿದಾಗ ಫೋನ್ ಮಾಡಿ ಗೇಲಿ ಮಾಡಿದ್ದ: “ಅದೂ ಒಂದು ಅಂಕಣನೇನೋ ಮಾರಾಯ? ಅಂಕಣ ಅಂದ್ರೆ ನಮ್ಮ ಕಬಡ್ಡಿದು. ನಿಂದರಲ್ಲಿ ಯಾರೂ ಕಾಲು ಹಿಡಿದು ಎಳೆಯೋದೇ ಇಲ್ಲ!” ಅವನು ಮೈದಾನದ ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯ ಹುಡುಗರು ನಿಲ್ಲುತ್ತಿದ್ದರು. ಅಂಥ ಗಂಟಲು.

ಕಾಯಿಲೆ ಬಂದದ್ದು ಆ ಗಂಟಲಿಗೇ. ರೇಡಿಯೇಶನ್ನಿನ ಕರೆಂಟ್ ಕೊಡಿಸಿದರು, ಕಿಮೋ ಹಾಕಿಸಿದರು. ಕೊನೆಗೆ ಡಾಕ್ಟರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಅಂದರು. ಹಾಗೆ ಅಂದರೆ ಏನು ಅಂತ ನಮಗೆಲ್ಲ ಗೊತ್ತು. ಆದರೂ ಗೊತ್ತಿಲ್ಲದವರ ಹಾಗೆ ಫೋನಿನಲ್ಲಿ ಮಾತಾಡುತ್ತೇವೆ.

ಅವನ ಹೆಂಡತಿ ಗಿರಿಜಮ್ಮ ಒಂದು ಬೆಳಿಗ್ಗೆ ಫೋನ್ ಮಾಡಿದರು. “ಅಣ್ಣ, ಒಂದ್ಸಲ ಬಂದು ಹೋಗಿ. ನಿಮ್ಮ ಹತ್ರ ಏನೋ ಹೇಳ್ಬೇಕಂತೆ. ಎಂತದು ಅಂತ ಕೇಳಿದ್ರೆ ನನ್ನ ಹತ್ರ ಹೇಳ್ತಾ ಇಲ್ಲ. ಧ್ವನಿ ಹೋಗಿಬಿಟ್ಟಿದೆ, ಬಾಯಿ ಹತ್ರ ಕಿವಿ ಇಟ್ರೆ ಮಾತ್ರ ಕೇಳ್ತದೆ. ಮತ್ತೆ ಅಣ್ಣ, ಅವರಿಗೆ ವಾಸನೆ ಆಗೋದಿಲ್ಲ. ಅದೊಂದು ನೋಡ್ಕೊಂಡು ಬನ್ನಿ.”

ವಾಸನೆ ಆಗೋದಿಲ್ಲ. ಎರಡೇ ಪದ. ನೀವಾದರೆ ಏನು ಅರ್ಥ ಮಾಡಿಕೊಳ್ಳುತ್ತಿದ್ದಿರಿ?

ನಾನು ಬರೆಯುವವನು ನೋಡಿ, ಪದ ತಿಳಿದವನು. ನನ್ನ ಪ್ರಕಾರ ವಾಸನೆ ಅಂದರೆ ಬೆವರು, ಬೀಡಿ, ಬಸ್ಸಿನ ಡೀಸೆಲ್ಲು, ಬೆಳ್ಳುಳ್ಳಿ ತಿಂದ ಬಾಯಿ. ಬಾಟಲಿಯಲ್ಲಿರುವುದು ಪರಿಮಳ. ಅದು ಹೇಗೆ ವಾಸನೆಯಾದೀತು? ಹಾಗಾಗಿ ಬಹಳ ಕಾಳಜಿಯಿಂದ ತಯಾರಾದೆ. ಎರಡೆರಡು ಸಲ ಹಲ್ಲುಜ್ಜಿದೆ. ಒಗೆದ ಬನಿಯನ್ ಹಾಕಿದೆ. ಬಸ್ಸಿನಲ್ಲಿ ಬೆವರುತ್ತೇನೆ ಅಂತ ಕುತ್ತಿಗೆಗೆ, ಎರಡೂ ಕಿವಿಗಳ ಹಿಂದೆ, ಅಂಗಿಯ ಕಾಲರಿಗೆ ಚೆನ್ನಾಗಿ ಹೊಡೆದುಕೊಂಡೆ.

ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು: “ಏನ್ರಿ, ಪೇಷಂಟ್ ನೋಡಾಕ ಹೊಂಟೀರೋ, ಹೆಣ್ಣು ನೋಡಾಕ ಹೊಂಟೀರೋ?”

“ರೋಗಿ ಹತ್ರ ಫ್ರೆಶ್ ಆಗಿ ಹೋಗ್ಬೇಕು. ಅವರಿಗೂ ಹುರುಪು ಬರುತ್ತೆ” ಅಂದೆ. ನನ್ನ ಬಾಯಿಗೆ ಉತ್ತರಗಳು ಬೇಗ ಬರುತ್ತವೆ.

ಬಸ್ಸಿನಲ್ಲಿ ಶಿರಾಳಕೊಪ್ಪದವರೆಗೆ ಮುಂದಿನ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಹಿಡಿದೇ ಕೂತಿದ್ದರು. ಬಸ್ಸಿನಲ್ಲಿ ವಾಂತಿ ಬರುತ್ತದೇನೋ ಪಾಪ ಅಂದುಕೊಂಡೆ. ಪಕ್ಕದಲ್ಲಿದ್ದವರು ಉಡುತಡಿಯ ರೈತರು. “ಜೋರದೀರಿ ಬಿಡ್ರಿ ಸರ, ಯಾವ ಸೆಂಟ್ರಿ ಇದು?” ಅಂತ ಕೇಳಿದರು. ನಾನು ಹೆಮ್ಮೆಯಿಂದ ಹೆಸರು ಹೇಳಿದೆ.

ಸೊರಬದ ಅವನ ಮನೆಯಲ್ಲಿ ಗಿರಿಜಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರು. “ಬಂದ್ರಾ ಅಣ್ಣ? ಒಳಗೆ ಹೋಗಿ, ಕಾಯ್ತಾ ಇದಾರೆ” ಅಂತ ಅಲ್ಲಿಂದಲೇ ಕೂಗಿದರು. ಒಳಗೆ ಹೋದೆ. ಮಂಚದ ಮೇಲೆ ಹಾಲೇಶ ಇರಲಿಲ್ಲ, ಹಾಲೇಶನ ಕಣ್ಣು ಮಾತ್ರ ಇತ್ತು. ನನ್ನನ್ನು ನೋಡಿ ಆ ಕಣ್ಣು ನಕ್ಕಿತು. ಹತ್ತಿರ ಬಾ ಅಂತ ಬೆರಳಾಡಿಸಿದ.

ಬಗ್ಗಿದೆ. ಕಿವಿಯನ್ನು ಅವನ ಬಾಯಿಯ ಹತ್ತಿರ ಇಟ್ಟೆ. ತುಟಿ ಅಲುಗಿದ್ದು ನನ್ನ ಕಿವಿಗೆ ತಾಗಿತು. “ನೋಡು...” ಅಂದ. ಅಷ್ಟೇ. ಅವನ ಮೈ ಒಮ್ಮೆ ಜೋರಾಗಿ ನಡುಗಿತು. ನನ್ನ ಭುಜಕ್ಕೆ ಕೈ ಕೊಟ್ಟು ತಳ್ಳಿದ. ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ತಳ್ಳಿದ. ಆಮೇಲೆ ವಾಂತಿ. ಹೊಟ್ಟೆಯಲ್ಲಿ ಏನಿತ್ತು, ಬರೀ ನೀರು. ಅದು ಬರುವಾಗ ಆ ಸುಟ್ಟ ಗಂಟಲಿಗೆ ಆದ ನೋವು ಅವನ ಮುಖದಲ್ಲಿ ಕಾಣುತ್ತಿತ್ತು. ನಾನು ಗೋಡೆಗೆ ಅಂಟಿ ನಿಂತಿದ್ದೆ.

ಗಿರಿಜಮ್ಮ ಓಡಿ ಬಂದರು. ಬಾಗಿಲಲ್ಲೇ ಅವರಿಗೆ ಗೊತ್ತಾಯಿತು. “ಎಂತ ಹಾಕ್ಕೊಂಡು ಬಂದ್ರಿ ಅಣ್ಣ? ಫೋನಲ್ಲಿ ಹೇಳಿದ್ನಲ್ಲ! ಔಷಧಿ ಹಾಕಿಸಿದ ಮೇಲೆ ಯಾವ ವಾಸನೆನೂ ಆಗೋದಿಲ್ಲ ಇವರಿಗೆ. ದೇವರಿಗೆ ಊದಿನಕಡ್ಡಿ ಹಚ್ತಿಲ್ಲ ನಾನು. ಒಗ್ಗರಣೆ ಬೇಕಾದ್ರೆ ಪಕ್ಕದ ಮನೇಲಿ ಹಾಕಿಸ್ಕೊಂಡು ಬರ್ತೀನಿ.”

ಬೈಗುಳವಲ್ಲ ಅದು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹಿತ್ತಲ ಬಚ್ಚಲಲ್ಲಿ ತೊಳೆದುಕೊಂಡೆ. ಸೋಪಿಗೂ ವಾಸನೆ ಇರುತ್ತದಲ್ಲ, ಗಿರಿಜಮ್ಮ ಕಡಲೆಹಿಟ್ಟು ಕೊಟ್ಟರು. ಚರ್ಮ ಕೆಂಪಾಗುವ ಹಾಗೆ ಉಜ್ಜಿದೆ. ಹುಣಸೆಹಣ್ಣು ತಿಕ್ಕಿದೆ. ಹಾಲೇಶನದೇ ಒಂದು ಅಂಗಿ ಹಾಕಿಕೊಂಡು ಮೆಲ್ಲಗೆ ಬಾಗಿಲಿಗೆ ಬಂದು ನಿಂತೆ. ಅವನು ತಲೆ ಅಲ್ಲಾಡಿಸಿದ. ಬೇಡ. ಭಾಮೈದ ಕೊಟ್ಟ ಪರಿಮಳ ಅವನು ಹೇಳಿದ ಮಾತಿಗೆ ತಪ್ಪಲಿಲ್ಲ, ದಿನ ಪೂರ್ತಿ ಇತ್ತು.

“ಬರೆದು ತೋರಿಸೋ” ಅಂದೆ ದೂರದಿಂದ. ಕೈ ಎತ್ತಿ ತೋರಿಸಿದ. ಬೆರಳುಗಳಿಗೆ ಜೋಮು ಹಿಡಿದು, ಪೆನ್ನು ನಿಲ್ಲುವುದಿಲ್ಲವಂತೆ. ಗಿರಿಜಮ್ಮ “ನನ್ನ ಹತ್ರ ಹೇಳಿ, ನಾನು ಅವರಿಗೆ ಹೇಳ್ತೀನಿ” ಅಂದರು. ಅವನು ಕಣ್ಣು ಮುಚ್ಚಿಕೊಂಡ.

ಹೊರಗೆ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಟ್ಟರು. ಅವನು ಒಳಗೆ, ನಾನು ಹೊರಗೆ. ನಡುವೆ ಕಂಬಿ. ನಾನು ಹವೆ, ಮಳೆ, ಹಳೇ ಹುಡುಗರು ಅಂತ ಏನೇನೋ ಮಾತಾಡಿದೆ. ಗಾಳಿ ನನ್ನ ಕಡೆಯಿಂದ ಬೀಸಿದಾಗಲೆಲ್ಲ ಕುರ್ಚಿಯನ್ನು ಹಿಂದೆ ಜರುಗಿಸುತ್ತಿದ್ದೆ. ಹೊರಡುವಾಗ ಮತ್ತೆ ಬಾ ಅಂತ ಕೈಸನ್ನೆ ಮಾಡಿದ. “ಭಾನುವಾರ ಬರ್ತೀನಿ, ಏನೂ ಹಚ್ಕೊಳ್ಳಲ್ಲ” ಅಂದೆ. ಕಣ್ಣು ಮತ್ತೆ ನಕ್ಕ ಹಾಗಾಯಿತು. ಅಥವಾ ನನಗೆ ಹಾಗೆ ಕಾಣಬೇಕಿತ್ತು.

ವಾಪಸ್ ಬರುವ ಬಸ್ಸಿನಲ್ಲಿ ಯೋಚಿಸಿದೆ. ಬೇರೆಯವರ ಮೈಯಿಂದ ಬಂದರೆ ವಾಸನೆ, ನಮ್ಮ ಮೈಯಿಂದ ಬಂದರೆ ಪರಿಮಳ. ಈ ಲೆಕ್ಕ ಯಾರು ಮಾಡಿದ್ದು? ಲಿಫ್ಟಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಆಸ್ಪತ್ರೆಯ ವಾರ್ಡಿನಲ್ಲಿ ನಮ್ಮ ಫ್ರೆಶ್‌ನೆಸ್ಸನ್ನು ಎಲ್ಲರ ಮೂಗಿಗೂ ತುರುಕುತ್ತೇವೆ. ನಿಮಗೆ ಆಗುತ್ತದಾ ಅಂತ ಒಬ್ಬರನ್ನಾದರೂ ಕೇಳಿದ್ದೇವಾ? ರೋಗಿಯನ್ನು ನೋಡಲು ಹೋಗುವಾಗಲೂ ನಾವು ಹೇಗೆ ಕಾಣುತ್ತೇವೆ ಅನ್ನುವುದೇ ತಲೆಯಲ್ಲಿ. ಆ ಹೊತ್ತಿಗೆ ಕತ್ತಿನ ನಿಂಬೆ, ಪುದೀನ ನನಗೇ ಆಗುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಫೋನ್ ಬಂತು. ಹಾಲೇಶ ಹೋಗಿಬಿಟ್ಟಿದ್ದ.

ಬರೀ ನೀರಿನಲ್ಲಿ ಸ್ನಾನ ಮಾಡಿ ಹೋದೆ. ಜಗುಲಿಯಲ್ಲಿ ಅವನಿಗೆ ವಿಭೂತಿ ಬಳಿದು ಕೂರಿಸಿದ್ದರು. ಕಟ್ಟುಗಟ್ಟಲೆ ಊದಿನಕಡ್ಡಿ ಹೊಗೆಯಾಡುತ್ತಿತ್ತು. ಸಂಬಂಧಿಕರೊಬ್ಬರು ಜೇಬಿನಿಂದ ಸೆಂಟಿನ ಬಾಟಲಿ ತೆಗೆದು ಅವನ ಶಾಲಿಗೆ, ಎದೆಗೆ, ಕುತ್ತಿಗೆಗೆ ಧಾರಾಳವಾಗಿ ಹೊಡೆದರು. ಅವರದೇನೂ ತಪ್ಪಿಲ್ಲ, ನಮ್ಮಲ್ಲಿ ಮಾಡುವುದೇ ಹಾಗೆ. ಆದರೂ ಆ ಕೈಯನ್ನು ಹಿಡಿದು ನಿಲ್ಲಿಸಬೇಕು ಅನ್ನಿಸಿತು. ನಿಲ್ಲಿಸಲು ನನಗೆ ಯಾವ ಮುಖವಿತ್ತು?

ಅವನ ಪಕ್ಕದಲ್ಲೇ ಕೂತೆ. ಈಗ ಯಾರೂ ತಳ್ಳಲಿಲ್ಲ.

ಎಲ್ಲ ಮುಗಿದು ಜನ ಹೊರಟ ಮೇಲೆ ಗಿರಿಜಮ್ಮ ನನ್ನನ್ನು ಹಿತ್ತಲಿಗೆ ಕರೆದರು. ಅತ್ತು ಅತ್ತು ಅವರ ಧ್ವನಿಯೂ ಹೋಗಿತ್ತು. “ಅಣ್ಣ, ನೀವು ಬಂದು ಹೋದ ಮೇಲೆ ಅವರು ಮಾತಿಗೆ ಬಾಯೇ ತೆಗಿಲಿಲ್ಲ. ಅವತ್ತು ನಿಮ್ಮ ಹತ್ರ ಏನಾದ್ರೂ ಹೇಳಿದ್ರಾ? ನನ್ನ ಬಗ್ಗೆ ಎಂತಾದ್ರೂ?”

“ಏನೂ ಹೇಳ್ಲಿಲ್ಲಮ್ಮ” ಅಂದೆ.

ಹೇಳಲಿಲ್ಲವಾ, ಹೇಳಗೊಡಲಿಲ್ಲವಾ?