ಮೀನು ತತ್ತಿ ಇಟ್ಟ ಮಧ್ಯಾಹ್ನ

ವೈನಿ, ಆ ದಿನ ಕ್ಯಾಮೆರಾದಲ್ಲಿ ಫಿಲ್ಮ್ ಇರಲಿಲ್ಲ. ಡಬ್ಬಿ ಸೋರಿತೆಂದು ನಾನು ಹೇಳಿದ್ದು ಸುಳ್ಳು.

ಮೂವತ್ತು ವರ್ಷ ಈ ಎರಡು ಮಾತು ನಾನು ಯಾರಿಗೂ ಹೇಳಲಿಲ್ಲ. ನಿಮ್ಮ ಯಜಮಾನರು ನರೇಗಲ್ಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಮಾಸ್ತರರು. ನಾನು ರೋಣದಲ್ಲಿ ಫೋಟೋ ತೆಗೆಯುವವ, ಅವರ ಗೆಳೆಯ. ಐವತ್ತರ ದಶಕದ ನಡುವಿನ ಮಾತು. ನೀರೊಳಗೆ ಮೀನು ತತ್ತಿ ಇಡುವುದನ್ನು ಫೋಟೋದಲ್ಲಿ ಹಿಡಿಯಬೇಕು — ಅವರಿಗೆ ಅದೊಂದೇ ಹುಚ್ಚು. ಹೊಳೆಆಲೂರಿನ ಹತ್ತಿರ, ಮಲಪ್ರಭೆಯ ಬಂಡೆಗಳ ನಡುವೆ ಒಂದು ಮಡು. ಮಳೆಗಾಲದ ಮೊದಲ ಹೊಸ ನೀರಿಗೆ ಗೆಂಡೆ ಮೀನುಗಳು ಅಲ್ಲಿಗೆ ಏರಿ ಬರುತ್ತಿದ್ದವು. ಹೊಳೆ ಕೆಂಪಾಗುವ ಮುಂಚೆ ಒಂದೆರಡು ದಿನವಷ್ಟೇ ನೀರು ತಿಳಿ. ಎರಡು ವರ್ಷ ಆ ದಿನಗಳು ನಮಗೆ ತಪ್ಪಿದ್ದವು.

ಮೂರನೆಯ ವರ್ಷ ಅವರು ಚಿಮಣಿ ಎಣ್ಣೆಯ ಡಬ್ಬಿಯ ತಳ ಕತ್ತರಿಸಿ ಗಾಜು ಕೂಡಿಸಿದರು. ಗಾಜಿನ ಅಂಚಿಗೆ ರಾಳ, ಮೇಣ ಕಾಸಿ ಹಚ್ಚಿದವರು ನೀವು. ಅವರು ಎದೆಮಟ್ಟದ ನೀರಿನಲ್ಲಿ ನಿಂತು ಡಬ್ಬಿಯನ್ನು ಅರ್ಧ ಮುಳುಗಿಸಿ ಹಿಡಿದರು. ನಾನು ಬಂಡೆಯ ಮೇಲೆ ಬೋರಲು ಮಲಗಿ ಅದರೊಳಗೆ ಕ್ಯಾಮೆರಾ ಇಳಿಸಿದೆ. ಹೆಣ್ಣು ಮೀನು ಕಲ್ಲಿಗೆ ಹೊಟ್ಟೆ ಉಜ್ಜಿತು, ಗಂಡು ಮೀನುಗಳು ಎರಡೂ ಬದಿಯಿಂದ ಅದನ್ನು ಒತ್ತಿದವು, ನವಣೆ ಕಾಳಿನಂಥ ತತ್ತಿಗಳು ಚೆಲ್ಲಿದವು. ನಾನು ಎಂಟು ಸಲ ಕ್ಯಾಮೆರಾ ಒತ್ತಿದೆ. ಫಿಲ್ಮ್ ಸುತ್ತುವ ಗುಂಡಿ ತೀರ ಹಗುರಾಗಿ ತಿರುಗಿತು — ಆಗಲೇ ನನಗೆ ತಿಳಿಯಿತೇ? ತಿಳಿದೂ...

"ಸಿಕ್ತೇನೋ? ತತ್ತಿ ಸಿಕ್ತೇನೋ?" ಅವರ ಕಣ್ಣಲ್ಲಿ ನೀರು.

"ಎಂಟೂ ಸಿಕ್ಕಾವ್ರಿ ಮಾಸ್ತರ."

ರೋಣಕ್ಕೆ ಹೋಗಿ ಕ್ಯಾಮೆರಾ ತೆರೆದರೆ ಖಾಲಿ. ಹಿಂದಿನ ದಿನ ಗಜೇಂದ್ರಗಡದ ಮದುವೆಯಲ್ಲಿ ಮುಗಿದ ರೋಲು ತೆಗೆದಿದ್ದೆ; ಹೊಸದು ಚೀಲದಲ್ಲೇ ಉಳಿದಿತ್ತು. ನಿಮ್ಮ ಮನೆಗೆ ಬಂದು, ನಿಮ್ಮೆದುರೇ ಹೇಳಿದೆ: "ಡಬ್ಬಿ ಸೋರೇತ್ರಿ. ಫಿಲ್ಮ್ ಎಲ್ಲಾ ಹಾಳಾತು." ಒಳಗೆ ಒಂದು ಹನಿಯೂ ಬಂದಿರಲಿಲ್ಲ.

"ನಾ ಗಟ್ಟಿ ಹಚ್ಚಿದ್ನಲ್ಲಾ..." ಎಂದಿರಿ. ಅವರು ನಿಮ್ಮನ್ನು ಬೈಯಲಿಲ್ಲ. ಡಬ್ಬಿ ಎತ್ತಿಕೊಂಡು ಹಿತ್ತಲಿಗೆ ಹೋದರು. ಆಮೇಲೆ ಮೇಣ ಹಚ್ಚಲು ಅದನ್ನು ನಿಮ್ಮ ಕೈಗೆ ಕೊಡಲೇ ಇಲ್ಲ.

ಮರುವರ್ಷ ಅವರು ಕರೆಯಲು ಬಂದಾಗ ಜ್ವರವೆಂದೆ. ಜ್ವರವಿರಲಿಲ್ಲ, ಅವರ ಮುಖ ನೋಡುವ ಧೈರ್ಯವಿರಲಿಲ್ಲ. ನನ್ನ ಕ್ಯಾಮೆರಾ ಇಸಿದುಕೊಂಡು ಒಬ್ಬರೇ ಹೋದರು. ಮೇಲೆಲ್ಲೋ ಸುರಿದ ಮಳೆಗೆ ಹೊಳೆ ಒಮ್ಮೆಲೇ ಏರಿತು. ಬಂಡೆಯ ಮೇಲಿಂದ ಕೈ ಚಾಚಿ ಎಳೆಯಲು ಯಾರೂ ಇರಲಿಲ್ಲ. ಮೂರನೆಯ ದಿನ ಕೆಳಗಿನ ಜಾಲಿಗಿಡಗಳಲ್ಲಿ ಸಿಕ್ಕರು.

ಆ ದಿನ ನೀವು ಹೆಣ್ಣುಮಕ್ಕಳ ನಡುವೆ ಅತ್ತಿದ್ದು ಕಟ್ಟೆಯ ಮೇಲಿದ್ದ ನನಗೆ ಕೇಳಿಸಿತು: "ನಾನಽ ಕೊಂದ್ನೆವ್ವಾ! ಮೇಣ ನೆಟ್ಟಗ ಹಚ್ಚಿದ್ರ ಹೋದ ವರ್ಷಾನ ಮುಗೀತಿತ್ತು, ಈ ವರ್ಷ ಯಾಕ ಹೊಳಿಗೆ ಇಳೀತಿದ್ರು?"

ನಾನು ಎದ್ದು ಒಳಗೆ ಬರಬೇಕಿತ್ತು. ಕೂತೇ ಇದ್ದೆ.

ಹೇಳಿದರೆ ನಿಮಗೆ ಇನ್ನಷ್ಟು ನೋವೆಂದು ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳೇ. ಫಿಲ್ಮ್ ಹಾಕಲು ಮರೆತ ಫೋಟೋದವನೆಂದು ಊರು ನಗುತ್ತದೆಂಬ ಅಂಜಿಕೆ, ಅಷ್ಟೇ. ಅಷ್ಟು ಸಣ್ಣದಕ್ಕಾಗಿ...

ಹೋದ ವಾರ ಹೇಳಲೆಂದೇ ಬಂದೆ. ಚಹಾ ಕೊಟ್ಟಿರಿ. "ಅವರನ್ನ ನೆನಸೋವ್ರು ನೀವೊಬ್ರಽ ಉಳದೀರಿ, ಬರ್ತಾ ಇರ್ರಿ," ಎಂದಿರಿ. ಚಹಾ ಕುಡಿದು ವಾಪಸು ಬಂದೆ.

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಮುಂಜಾನೆ ನಿಮ್ಮೆದುರು ಕೂತು ನಾನೇ ಓದುತ್ತೇನೆ. ಕ್ಷಮೆ ಕೇಳುವುದಿಲ್ಲ, ನಿಮ್ಮ ಮೂವತ್ತು ವರ್ಷ ನನ್ನಿಂದ ತಿರುಗಿ ಬರುವಂಥದಲ್ಲ. ಹೊರಗೆ ನಡೆ ಎಂದರೆ ನಡೆಯುತ್ತೇನೆ. ಏನೂ ಅನ್ನದೆ ಮತ್ತೆ ಚಹಾ ಕೊಟ್ಟರೆ — ಅದನ್ನು ಹೇಗೆ ಕುಡಿಯಬೇಕೆಂದು ನನಗೆ ಗೊತ್ತಿಲ್ಲ, ವೈನಿ.