ಎರಡು ಪಾಯಸದ ಊಟ

ನಾನು ಹುಟ್ಟಿದ ತಾರೀಕು ಸರಿಯಾಗಿ ಯಾರಿಗೂ ಗೊತ್ತಿಲ್ಲ. ಅಪ್ಪ ಬಂಟ್ವಾಳದ ಎಲಿಮೆಂಟರಿ ಶಾಲೆಯಲ್ಲಿ ಮಾಸ್ಟ್ರಾಗಿದ್ದರು. ಊರ ಮಕ್ಕಳಿಗೆಲ್ಲ ಬಾಯಿಗೆ ಬಂದ ಜನ್ಮದಿನ ಬರೆದುಕೊಟ್ಟ ಹಾಗೆಯೇ ನನಗೂ ಒಂದು ಬರೆದರು. ಹುಟ್ಟುಹಬ್ಬ ಆಚರಿಸುವುದು ನಮ್ಮ ಜನಕ್ಕೆ ಗೊತ್ತೇ ಇರಲಿಲ್ಲ. ಹಾಗಿದ್ದೂ ನನ್ನ ಬದುಕನ್ನು ತಿರುಗಿಸಿದ್ದು ಒಂದು ಹುಟ್ಟುಹಬ್ಬವೇ. ಅದು ಅರುವತ್ತರ ದಶಕದ ಮೊದಲ ವರ್ಷಗಳ ಮಾತು. ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದೆ. ನಾರಾವಿಯ ಅಜ್ಜನಿಗೆ ಅರುವತ್ತು ತುಂಬುತ್ತಿತ್ತು.

ಅಜ್ಜ ಎಂದರೆ ಅಪ್ಪನ ಅಪ್ಪ ಅಲ್ಲ, ಅಪ್ಪನ ಸೋದರಮಾವ. ನಮ್ಮದು ಅಳಿಯಸಂತಾನದ ಕಟ್ಟು. ಗಂಡಸು ತನ್ನ ತಾಯಿಯ ಮನೆಗೆ ಸೇರಿದವನು, ಅವನ ಮಕ್ಕಳು ಅವರ ತಾಯಿಯ ಮನೆಗೆ. ಹಾಗಾಗಿ ನಾರಾವಿಯ ಆ ದೊಡ್ಡ ಮನೆ ಅಪ್ಪನದು, ನನ್ನದಲ್ಲ. ಅಲ್ಲಿ ಅಪ್ಪ ಮನೆಯವರು, ನಾನು ನೆಂಟಳು. ಚಿಕ್ಕವಳಿದ್ದಾಗ ಇದರಿಂದ ನನಗೇನೂ ಬೇಜಾರಿರಲಿಲ್ಲ. ನೆಂಟರಿಗೆ ಬೆಲ್ಲದ ದೊಡ್ಡ ತುಂಡು ಸಿಗುತ್ತಿತ್ತು.

ಆ ವರ್ಷ ನನ್ನ ಪರೀಕ್ಷೆಗೆ ಇನ್ನೇನು ಒಂದು ತಿಂಗಳಿದೆ ಎನ್ನುವಾಗ ಅತ್ತೆ ಬಂದರು. ಅತ್ತೆ ಎಂದರೆ ಅಪ್ಪನ ಅಕ್ಕ. ನಾರಾವಿಯ ಮನೆ ಅಜ್ಜನ ಹೆಸರಿನಲ್ಲಿ ನಡೆಯುತ್ತಿದ್ದರೂ ನಡೆಸುತ್ತಿದ್ದವರು ಅವರೇ. ಒಂದು ಕಟ್ಟು ಹಲಸಿನ ಹಪ್ಪಳ ತಂದಿದ್ದರು. ಅವರು ಕೈಯಲ್ಲಿ ಏನಾದರೂ ಹಿಡಿದುಕೊಂಡು ಬಂದರೆ ಅಮ್ಮನಿಗೆ ಹೆದರಿಕೆ.

ವಿಷಯ ಇಷ್ಟು. ಪಕ್ಕದ ಊರಿನ ಒಂದು ಮನೆಯವರು ತಮ್ಮ ಯಜಮಾನರಿಗೆ ಅರುವತ್ತರ ಶಾಂತಿಯನ್ನು ಬಹಳ ಗೌಜಿಯಲ್ಲಿ ಮಾಡಿದ್ದರು. ಹೋಮ, ವಾಲಗ, ಸಾವಿರ ಎಲೆಯ ಊಟ. ನಾವು ಸುಮ್ಮನೆ ಕೂತರೆ ಜನ ಏನು ಹೇಳಿಯಾರು ಎಂದು ಅತ್ತೆಯ ಪ್ರಶ್ನೆ. ಅಜ್ಜನ ಮೂವರು ಸೋದರಳಿಯಂದಿರಿಗೆ ಪಾಲು ಹಂಚಿಯೂ ಆಗಿತ್ತು. ಮನೆಯಲ್ಲೇ ಇದ್ದು ಬೇಸಾಯ ನೋಡುತ್ತಿದ್ದ ಒಬ್ಬರಿಗೆ ಚಪ್ಪರ. ಅದಕ್ಕೆ ಅಡಕೆ ಮರವೂ ತೆಂಗಿನ ಮಡಲೂ ಮನೆಯದೇ. ಇನ್ನೊಬ್ಬರಿಗೆ ಹೋಮ ಮತ್ತು ವಾಲಗ. ಅಪ್ಪ ತಿಂಗಳ ಸಂಬಳದವರು, ಆದ್ದರಿಂದ ಅವರಿಗೆ ಊಟ. ಪಕ್ಕದ ಊರಿನವರು ಒಂದು ಪಾಯಸ ಮಾಡಿದ್ದರಂತೆ, ನಮ್ಮಲ್ಲಿ ಎರಡು ಆಗಬೇಕು, ಮೇಲೆ ಲಾಡು. ಅತ್ತೆ ಇದನ್ನೆಲ್ಲ ಕೇಳಿಕೊಳ್ಳಲಿಲ್ಲ, ತಿಳಿಸಿದರು. ತಿಂಗಳ ಕೊನೆಯ ವಾರ ಅಂಗಡಿಯವನ ಕಣ್ಣು ತಪ್ಪಿಸಿ ಅಡ್ಡದಾರಿಯಲ್ಲಿ ಮನೆಗೆ ಬರುತ್ತಿದ್ದ ಮಾಸ್ಟ್ರಿಗೆ ಸಾವಿರ ಜನರ ಊಟದ ಯಜಮಾನಿಕೆ! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವುದು ನಮ್ಮಂಥವರನ್ನು ನೋಡಿಯೇ ಹುಟ್ಟಿದ ಗಾದೆ ಇರಬೇಕು.

ಅಪ್ಪನಲ್ಲಿ ಇದ್ದದ್ದು ಒಂದೇ ಒಂದು ಚೀಟಿ. ನಾನು ಐದನೆಯ ಕ್ಲಾಸಿನಲ್ಲಿದ್ದಾಗ ಶುರು ಮಾಡಿದ್ದು. ನನ್ನನ್ನು ಮಂಗಳೂರಿನ ಹಾಸ್ಟೆಲಿನಲ್ಲಿಟ್ಟು ಕಾಲೇಜು ಓದಿಸುವುದಕ್ಕೆಂದು ಕಟ್ಟುತ್ತಿದ್ದರು. ನಾನು ಲೆಕ್ಕದಲ್ಲಿ ಗಟ್ಟಿ. ನಮ್ಮ ಹೈಸ್ಕೂಲಿಗೆ ಮಂಗಳೂರಿನಿಂದ ಒಬ್ಬರು ಲೇಡಿ ಟೀಚರ್ ಬಂದಿದ್ದರು. ಕೈಗೆ ಗಡಿಯಾರ ಕಟ್ಟಿ, ಒಂದು ಕೈಯಲ್ಲಿ ಸೀಮೆಸುಣ್ಣ ಹಿಡಿದು, ಗಂಡು ಹುಡುಗರನ್ನು ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದರು. ನನಗೆ ಅವರಂತಾಗಬೇಕಿತ್ತು. ಬೇರೆ ಏನೂ ಬೇಕಿರಲಿಲ್ಲ. ಅಪ್ಪನೇ ಸಂಜೆ ಹೊತ್ತು ನನ್ನನ್ನು ಕೂರಿಸಿ ಬೀಜಗಣಿತ ಮಾಡಿಸುತ್ತಿದ್ದರು. ಉತ್ತರ ಸರಿಯಾದರೆ ತಾವೇ ಪಾಸಾದಷ್ಟು ಖುಷಿಪಡುತ್ತಿದ್ದರು.

ಚೀಟಿಯ ವಿಷಯ ಅತ್ತೆಗೆ ಗೊತ್ತಿತ್ತು. ಅಪ್ಪ ಮೆಲ್ಲಗೆ, ಅದು ಮಗಳ ಓದಿಗೆ ಇಟ್ಟದ್ದು ಎಂದರು. ಅತ್ತೆ ಹಪ್ಪಳದ ಕಟ್ಟಿನ ಬಾಳೆನಾರು ಬಿಚ್ಚುತ್ತಾ ಹೇಳಿದರು, “ಅವಳನ್ನು ಓದಿಸುವುದು ಅವಳ ಮಾವನ ಕೆಲಸ ಅಲ್ಲವಾ? ನಿನ್ನನ್ನು ಓದಿಸಿದ್ದು ನಿನ್ನ ಮಾವ. ಅವಳಿಗೂ ಒಬ್ಬ ಮಾವ ಉಂಟಲ್ಲ.”

ಕಟ್ಟಿನ ಪ್ರಕಾರ ಅತ್ತೆಯ ಮಾತು ಪೂರ್ತಿ ಸರಿ. ಅಪ್ಪ ಹತ್ತು ವರ್ಷದವರಿದ್ದಾಗ ಅವರ ಅಪ್ಪ ಹೆಂಡತಿ ಮಕ್ಕಳನ್ನು ಬಿಟ್ಟು ತನ್ನ ತಾಯಿಮನೆಗೆ ಹೋಗಿಬಿಟ್ಟಿದ್ದರು. ಗದ್ದೆ ಅಡವಿಟ್ಟು ಅಪ್ಪನನ್ನು ಟ್ರೈನಿಂಗ್ ಶಾಲೆಗೆ ಕಳಿಸಿದ್ದು ನಾರಾವಿಯ ಅಜ್ಜನೇ. ಅಮ್ಮ ಆ ದಿನ ಅಪ್ಪನೊಡನೆ ಜೋರಾಗಿಯೇ ಜಗಳವಾಡಿದರು, ಕೊಡುವುದಿಲ್ಲ ಎನ್ನಲು ಬಾಯಿ ಇಲ್ಲವೇ ಎಂದು ಕೇಳಿದರು. ಅಪ್ಪ ಒಂದೇ ಮಾತು ಹೇಳಿದರು, ಅವರ ಅನ್ನ ತಿಂದು ಮಾಸ್ಟ್ರಾದವ ನಾನು ಎಂದು.

ಪರೀಕ್ಷೆ ಮುಗಿದ ಮೇಲೆ ಒಂದು ಆದಿತ್ಯವಾರ ಅಪ್ಪ ನನ್ನನ್ನು ಕರೆದುಕೊಂಡು ಮೂಡುಬಿದಿರೆಗೆ ಹೋದರು. ಅಮ್ಮನ ತಮ್ಮ, ಅಂದರೆ ನನ್ನ ಮಾವ, ಅಲ್ಲಿ ಜಿನಸಿನ ಅಂಗಡಿ ಇಟ್ಟಿದ್ದರು. ವ್ಯಾಪಾರ ಚೆನ್ನಾಗಿಯೇ ಇತ್ತು. ನಮಗೆ ಸೋಡಾ ಶರಬತ್ತು ತರಿಸಿದರು, ನನ್ನ ಎತ್ತರ ನೋಡಿ ಆಶ್ಚರ್ಯಪಟ್ಟರು. ಅಪ್ಪ ಕೇಳಬೇಕಾದ್ದನ್ನು ಕೇಳಲು ಅರ್ಧ ಗಂಟೆ ತೆಗೆದುಕೊಂಡರು. ಮಾವ ತಕ್ಕಡಿಯ ತಟ್ಟೆಯನ್ನು ಬಟ್ಟೆಯಿಂದ ಒರೆಸುತ್ತಾ ಕೇಳಿಸಿಕೊಂಡರು.

“ಈಗ ಆ ಕಾಲ ಇಲ್ಲ ಬಾವ,” ಎಂದರು. “ಕಾನೂನೇ ಬದಲಾಯಿತು. ಅವರವರ ಮಕ್ಕಳನ್ನು ಅವರವರು ನೋಡಿಕೊಳ್ಳುವುದು. ನನಗೂ ಮೂವರು ಮಕ್ಕಳು ಉಂಟು.”

ಅದೂ ತಪ್ಪಲ್ಲ. ಕಾಲ ಬದಲಾಗಿತ್ತು, ಎಲ್ಲರೂ ಹಾಗೆಯೇ ಹೇಳುತ್ತಿದ್ದರು. ನನ್ನ ಸಿಟ್ಟು ಇರುವುದು ಇಲ್ಲಿಯೇ. ಕೊಡಬೇಕಾದಲ್ಲಿ ಹೊಸ ಕಾಲ, ತೆಗೆದುಕೊಳ್ಳುವಲ್ಲಿ ಹಳೆಯ ಕಟ್ಟು. ನಾರಾವಿಯವರ ಮಟ್ಟಿಗೆ ನಾನು ಮಾವನ ಹೊಣೆ, ಮಾವನ ಮಟ್ಟಿಗೆ ಅಪ್ಪನ ಹೊಣೆ, ಅಪ್ಪನೋ ಅಜ್ಜನ ಋಣದಲ್ಲಿದ್ದವರು. ಇಷ್ಟು ಜನ ಹಿರಿಯರಿದ್ದೂ ನಾನು ಯಾರವಳೂ ಆಗಿರಲಿಲ್ಲ. ಹೊರಡುವಾಗ ಮಾವ ಅರ್ಧ ಸೇರು ಕಲ್ಲುಸಕ್ಕರೆ ಕಟ್ಟಿಕೊಟ್ಟರು. ಅಪ್ಪ ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು. ಮರುವಾರವೇ ನಷ್ಟಕ್ಕೆ ಒಪ್ಪಿ ಚೀಟಿ ಎತ್ತಿದರು.

ಆಮಂತ್ರಣ ಪತ್ರಿಕೆ ಬಂತು. ಕೆಳಗೆ ‘ಅಳಿಯಂದಿರು’ ಎಂದು ಅಚ್ಚಾಗಿದ್ದಲ್ಲಿ ಅಪ್ಪನ ಹೆಸರು ಮೊದಲು. ಅಪ್ಪ ಅದನ್ನು ಶಾಲೆಗೆ ತೆಗೆದುಕೊಂಡು ಹೋಗಿ ತೋರಿಸಿದರಂತೆ. ನನಗೆ ಅದನ್ನು ಹರಿದು ಒಲೆಗೆ ಹಾಕುವಷ್ಟು ಕೋಪ ಬಂದಿತ್ತು. ಅಪ್ಪನ ಮೇಲೆ ನನಗೆ ಅಷ್ಟು ಕೋಪ ಅದಕ್ಕೆ ಮೊದಲು ಬಂದದ್ದಿಲ್ಲ.

ಶಾಂತಿಯ ವಾರದಲ್ಲೇ ಫಲಿತಾಂಶವೂ ಬಂತು. ಶಾಲೆಯ ಹುಡುಗಿಯರಲ್ಲಿ ನಾನು ಮೊದಲು. ಅಪ್ಪ ನನ್ನ ತಲೆ ಮುಟ್ಟಿದರು. ನಾರಾವಿಗೆ ಹೊರಡುವ ಮೊದಲು ಅಮ್ಮನಿಗೂ ನನಗೂ ಒಂದು ಎಚ್ಚರಿಕೆ ಕೊಟ್ಟರು. ಚೀಟಿಯ ವಿಷಯ ಅಜ್ಜನ ಕಿವಿಗೆ ಬೀಳಬಾರದು ಎಂದರು. ಖರ್ಚೆಲ್ಲ ಮನೆಯ ಉತ್ಪತ್ತಿಯಿಂದಲೇ ನಡೆಯುತ್ತಿದೆ ಎಂದು ಅತ್ತೆ ಅಜ್ಜನನ್ನು ನಂಬಿಸಿದ್ದರು.

ಊಟ ಚೆನ್ನಾಗಿತ್ತು ಎಂದು ಈಗಲೂ ಹೇಳುವವರಿದ್ದಾರೆ. ಕಡಲೆಬೇಳೆಯ ಪಾಯಸ, ಗೋಧಿಯ ಪಾಯಸ, ಲಾಡು. ಅತ್ತೆಯ ಹೆಣ್ಣುಮಕ್ಕಳು ಮನೆಯವರಾದ್ದರಿಂದ ಸೆರಗು ಸಿಕ್ಕಿಸಿ ಬಡಿಸುತ್ತಿದ್ದರು. ನಾನೂ ಒಂದು ಬಕೆಟ್ ಎತ್ತಿಕೊಳ್ಳಲು ಹೋದೆ. ನೆಂಟರು ಬಡಿಸಬಾರದು, ಹೋಗಿ ಕುಳಿತುಕೋ ಎಂದು ಅತ್ತೆ ಪ್ರೀತಿಯಿಂದಲೇ ಹೇಳಿ ಎಲೆಯ ಮುಂದೆ ಕೂರಿಸಿದರು. ನನ್ನ ಕಾಲೇಜನ್ನು ನನಗೇ ಸೌಟಿನಲ್ಲಿ ಬಡಿಸಿದರು.

ಊಟವಾದ ಮೇಲೆ ಅಜ್ಜ ಚಾವಡಿಯಲ್ಲಿ ಆರಾಮ ಕುರ್ಚಿಯಲ್ಲಿ ಕೂತು ವೀಳ್ಯ ಹಾಕುತ್ತಿದ್ದರು. ಮಕ್ಕಳೆಲ್ಲ ಕಾಲಿಗೆ ಬಿದ್ದು ಆಶೀರ್ವಾದ ತೆಗೆದುಕೊಳ್ಳಬೇಕು. ಸುತ್ತಲೂ ನೆಂಟರು, ಊರಿನ ದೊಡ್ಡವರು. ನನ್ನ ಸರದಿ ಬಂದಾಗ ಅಪ್ಪ ನನ್ನ ಹಿಂದೆಯೇ ನಿಂತಿದ್ದರು. ಅಜ್ಜ ಒಳ್ಳೆಯ ಮನುಷ್ಯ, ಇದನ್ನು ಹೇಳದೆ ಇದ್ದರೆ ಪಾಪ ಬರುತ್ತದೆ. ನನ್ನನ್ನು ಏಳಿಸಿ ಹತ್ತಿರ ನಿಲ್ಲಿಸಿಕೊಂಡರು.

“ಪಾಸಾದೆ ಅಂತ ಕೇಳಿದೆ. ಕಾಲೇಜಿಗೆ ಯಾವಾಗ ಹೋಗುವುದು?”

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದರು, “ಅವಳಿಗೆ ಓದಿನಲ್ಲಿ ಮನಸ್ಸಿಲ್ಲ ಮಾವ. ಸಾಕು ಅಂತ ಹೇಳ್ತಾಳೆ.”

ಅಜ್ಜನಿಗೆ ಅದು ಹಿಡಿಸಲಿಲ್ಲ. ನನ್ನ ಮುಖವನ್ನೇ ನೋಡಿದರು. “ನಿಜವಾ ಮಗಾ? ಮನಸ್ಸು ಉಂಟು ಅಂತಾದರೆ ಹೇಳು. ನಿನ್ನ ಅಪ್ಪನನ್ನು ಓದಿಸಿದವ ನಾನು. ನಿನ್ನನ್ನೂ ಓದಿಸ್ತೇನೆ.”

ಚಾವಡಿಯಲ್ಲಿ ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಉಂಟು ಎಂಬ ಒಂದು ಮಾತು ಸಾಕಿತ್ತು. ಆದರೆ ಅದನ್ನು ಹೇಳಿದರೆ ಅಷ್ಟು ಜನರ ಎದುರು ಅಪ್ಪ ಸುಳ್ಳುಗಾರ. ಏಕೆ ಸುಳ್ಳು ಹೇಳಿದೆ ಎಂದು ಅಜ್ಜ ಕೇಳದೆ ಬಿಡುವವರಲ್ಲ, ಆಗ ಉಂಡ ಊಟದ ಕಥೆಯೂ ಹೊರಗೆ ಬರುತ್ತಿತ್ತು. ಹಿಂದೆ ನಿಂತ ಅಪ್ಪನ ಉಸಿರು ನನಗೆ ಕೇಳುತ್ತಿತ್ತು. ನಾನು ತಿರುಗಿ ನೋಡಲಿಲ್ಲ.

“ಮನಸ್ಸಿಲ್ಲ ಅಜ್ಜ,” ಎಂದೆ.

ಹಾಗಾದರೆ ಒಳ್ಳೆಯ ಮನೆಗೆ ಕೊಡು ಎಂದು ಅಜ್ಜ ಅಪ್ಪನಿಗೆ ಹೇಳಿ ನನ್ನ ಕೈಗೆ ಎರಡು ರೂಪಾಯಿ ಇಟ್ಟರು. ಮರುವರ್ಷ ಒಳ್ಳೆಯ ಮನೆಗೇ ಕೊಟ್ಟರು, ಅದರಲ್ಲಿ ದೂರುವುದು ಏನೂ ಇಲ್ಲ. ಆ ಮಾತಿನ ಬಗ್ಗೆ ಅಪ್ಪನೂ ನಾನೂ ಮತ್ತೆ ಎಂದೂ ಮಾತಾಡಲಿಲ್ಲ.

ಅಪ್ಪ ರಿಟೈರಾದ ವರ್ಷ ನಾನು ತವರಿಗೆ ಹೋಗಿದ್ದಾಗ ಅವರ ಹಳೆಯ ಸಹೋದ್ಯೋಗಿಯೊಬ್ಬರು ಬಂದಿದ್ದರು. ನಾನು ಕಾಫಿ ಕೊಡುತ್ತಿದ್ದೆ. ನಿಮ್ಮ ಮಗಳು ಲೆಕ್ಕದಲ್ಲಿ ಜೋರಿದ್ದಳಲ್ಲ, ಮುಂದೆ ಏಕೆ ಓದಲಿಲ್ಲ ಎಂದು ಅವರು ಕೇಳಿದರು. ಓದಿನಲ್ಲಿ ಮನಸ್ಸಿರಲಿಲ್ಲ, ನಾನು ಎಷ್ಟು ಹೇಳಿದರೂ ಕೇಳಲಿಲ್ಲ ಎಂದರು ಅಪ್ಪ. ನಾನು ಅವರ ಮುಖ ನೋಡಿದೆ. ಅವರು ಸುಳ್ಳು ಹೇಳುತ್ತಿರಲಿಲ್ಲ. ಅಷ್ಟು ವರ್ಷಗಳಲ್ಲಿ ಅದನ್ನು ನಂಬಿಬಿಟ್ಟಿದ್ದರು.